ಪತ್ರದೋರ ಚಕ್ಕುಬಂದಿ

ಅವರ ಎಡಗೈ ಹೆಬ್ಬೆರಳು ನೀಲಿಯಾಗಿತ್ತು. ಉಗುರಿನ ಬುಡದಲ್ಲಿ, ಚರ್ಮದ ಗೆರೆಗಳ ಸಂದಿಯಲ್ಲಿ, ಯಾವ ಸೋಪಿಗೂ ಬಗ್ಗದ ಮಸಿ. ಹೆಬ್ಬೆಟ್ಟು ಒತ್ತಲು ಬಂದ ಅಜ್ಜಿಯರು ಮಸಿಡಬ್ಬಿ ಕಂಡು ಕೈ ಹಿಂದಕ್ಕೆ ಎಳೆದುಕೊಂಡರೆ, ಅವರು ಮೊದಲು ತಮ್ಮ ಬೆರಳನ್ನೇ ಅದ್ದಿ ಒಂದು ರದ್ದಿ ಕಾಗದದ ಮೇಲೆ ಒತ್ತಿ ತೋರಿಸುತ್ತಿದ್ದರು. "ನೋಡವ್ವ, ಕಚ್ಚಲ್ಲ." ಅಜ್ಜಿ ನಗುವಷ್ಟರಲ್ಲಿ ಅವಳ ಬೆರಳೂ ಕಾಗದದ ಮೇಲೆ ಇರುತ್ತಿತ್ತು.

ನೀಲಿ ಎಂದು ಬರೆದೆ. ಬರೆದ ಕೂಡಲೇ ಅನುಮಾನ ಶುರುವಾಯಿತು. ನೀಲಿಯೋ, ಕಪ್ಪೋ? ನನಗೆ ಇದು ಹಳೆಯ ಕಾಯಿಲೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಗಟ್ಟಿಯಾಗಿ ಉಳಿದದ್ದು ಒಂದೇ, ಪುರಾವೆ ಇಲ್ಲದೆ ಯಾವ ಮಾತನ್ನೂ ನಂಬಬಾರದು ಎಂಬುದು. ಅದನ್ನು ಊರವರ ಮಾತಿಗೆಲ್ಲ ಹಚ್ಚಿ ಹಚ್ಚಿ, ಕೊನೆಗೆ ನನ್ನ ನೆನಪಿಗೇ ಹಚ್ಚಿಕೊಂಡು ಕೂತಿದ್ದೇನೆ.

ಈ ಸಲ ಅನುಮಾನ ಪಡಲು ಕಾರಣವೂ ಇತ್ತು. ನನ್ನ ಪಿಎಚ್.ಡಿ. ಪ್ರಬಂಧವನ್ನು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪುಸ್ತಕ ಮಾಡಿದ್ದೇನೆ. ಅಚ್ಚಿನ ಕರಡು ಬಂದು ಮೇಜಿನ ಮೇಲೆ ಕೂತಿತ್ತು; ಮುನ್ನುಡಿಯೊಂದು ಬಾಕಿ. ಆ ಪುಸ್ತಕದಲ್ಲಿ ಹೊಸದು ಅನ್ನಿಸಿಕೊಳ್ಳುವ ವಿಚಾರ ಇರುವುದು ಒಂದೇ. ಅದು ನನ್ನದಲ್ಲ, ಅಜ್ಜಂಪುರದಲ್ಲಿ ನೋಂದಣಿ ಕಚೇರಿಯ ಹತ್ತಿರ ತಮ್ಮ ಮನೆಯ ಜಗಲಿ ಮೇಲೆ ಕೂತು ಕ್ರಯಪತ್ರ, ದಾನಪತ್ರ ಬರೆಯುತ್ತಿದ್ದ ಈ ಮನುಷ್ಯರದು ಎಂದು ನನ್ನ ನೆನಪು. ಪ್ರಬಂಧದಲ್ಲಿ ಅದನ್ನು ಹೇಳಿರಲಿಲ್ಲ. ಮುನ್ನುಡಿಯಲ್ಲಾದರೂ ಹೇಳಬೇಕು. ಆದರೆ ನೆನಪು ನಿಜವೇ? ಹದಿನೈದು ವರ್ಷದಲ್ಲಿ ನಾನೇ ಮನಸ್ಸಿನೊಳಗೆ ತಿದ್ದಿ ತೀಡಿ ಕಟ್ಟಿಕೊಂಡದ್ದಿರಬಹುದಲ್ಲ? ಇಲ್ಲದ ಋಣವನ್ನು ಅಚ್ಚು ಹಾಕಿಸುವುದೂ ಸುಳ್ಳೇ. ಇರುವ ಋಣವನ್ನು ಬಿಡುವುದು ಅದಕ್ಕಿಂತ ಕೆಟ್ಟದ್ದು. ಒಂದು ವಾರ ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ.

ಊರಿನವರು ಅವರನ್ನು ಪತ್ರದೋರು ಎನ್ನುತ್ತಿದ್ದರು. ಹಣೆಗೆ ವಿಭೂತಿ, ತೋಳು ಮಡಚಿದ ಬಿಳಿ ಅಂಗಿ, ಕಿವಿಯ ಮೇಲೆ ಒಂದು ಪೆನ್ಸಿಲು. ಕೂರುತ್ತಿದ್ದದ್ದು ಬೆನ್ನಿಲ್ಲದ ಒಂದು ಮರದ ಸ್ಟೂಲಿನ ಮೇಲೆ. ಅದಕ್ಕೂ ಕಾರಣ ಇತ್ತು. ಆಸ್ತಿಯ ಪತ್ರದಲ್ಲಿ ಚಕ್ಕುಬಂದಿ ಎಂದು ಒಂದು ಭಾಗ ಬರುತ್ತದೆ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರ ಹಿತ್ತಿಲು, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು, "ಈ ಮಧ್ಯೆ ಇರುವ ಸ್ವತ್ತು" ಎಂದು. ಬೇರೆ ಬರಹಗಾರರು ಹಳೆಯ ಪತ್ರ ನೋಡಿ ನಕಲು ಮಾಡಿ ಮುಗಿಸುತ್ತಿದ್ದ ಈ ಭಾಗವನ್ನು ಇವರು ಸ್ಟೂಲಿನ ಮೇಲೆ ಮೈ ತಿರುಗಿಸಿ ತಿರುಗಿಸಿ ಬರೆಯುತ್ತಿದ್ದರು. ಪೂರ್ವದ ಎಲ್ಲೆ ಕೇಳುವಾಗ ಮುಖ ಪೂರ್ವಕ್ಕೆ. ಉತ್ತರಕ್ಕೆ ಬಂದಾಗ ಪಾರ್ಟಿಗೆ, ಅಂದರೆ ಪತ್ರ ಮಾಡಿಸುವವರಿಗೆ, ಬೆನ್ನು ಹಾಕಿ ಗೋಡೆ ನೋಡುತ್ತ ಕೇಳುತ್ತಿದ್ದರು, "ಈಗ ಅಲ್ಲಿ ಯಾರವರೆ?"

"ಮುಂಚೆ ಗೌಡ್ರ ಕಣದ ಜಾಗ ಇತ್ತು."

"ಮುಂಚೆ ನಾನೂ ಚೆಲುವ ಇದ್ದೆ. ಈಗ ಯಾರವರೆ ಹೇಳು."

ಇಂಥವರ ಹತ್ತಿರ ಕಂಪ್ಯೂಟರ್ ಓದುತ್ತಿದ್ದ ನನಗೆ ಏನು ಕೆಲಸ ಎಂದರೆ, ಮೊದಲು ನನ್ನ ಕೆಲಸ ಏನಿತ್ತು ಎಂದು ಎರಡು ಮಾತು ಹೇಳಬೇಕು. ಒಂದು ಬರಹದ ಒಂದು ಮಾತಿನಿಂದ ಇನ್ನೊಂದು ಬರಹದ ಇನ್ನೊಂದು ಮಾತಿಗೆ ಹಾಕುವ ದಾರಿಗೆ ಲಿಂಕು, ಕನ್ನಡದಲ್ಲಿ ಕೊಂಡಿ, ಅನ್ನುತ್ತೇವೆ. ಈಗ ಎಲ್ಲರ ಫೋನಿನಲ್ಲೂ ಇದೆ. ಸಾಮಾನ್ಯವಾಗಿ ಲಿಂಕು ಬರಹದ ಒಳಗೇ ಹೂತಿರುತ್ತದೆ. ಬರೆದವನು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಮಾಡಹೊರಟದ್ದು ಓದುವವರೂ ಹಾಕಬಲ್ಲ ಲಿಂಕು. ಮೂಲ ಬರಹವನ್ನು ಒಂದಿಷ್ಟೂ ಮುಟ್ಟದೆ, ಕೊಂಡಿಗಳನ್ನೆಲ್ಲ ಹೊರಗೆ ಬೇರೆ ಕಡೆ ಇಟ್ಟುಕೊಂಡು, ಬೇಕಾದಾಗ ಮೇಲೆ ಹಾಸಿ ನೋಡುವಂಥದ್ದು. ಓಪನ್ ಹೈಪರ್‌ಮೀಡಿಯಾ ಎಂದು ಅದಕ್ಕೆ ಹೆಸರು. ಹೇಳಲು ಚೆನ್ನಾಗಿತ್ತು. ಮಾಡಿದರೆ ನಿಲ್ಲುತ್ತಿರಲಿಲ್ಲ. ಮೂಲ ಬರಹದ ಯಜಮಾನ ನಾನಲ್ಲ. ಅವನು ಎಲ್ಲೋ ಒಂದು ಸಾಲು ಸೇರಿಸಿದರೆ ಮುಗಿಯಿತು. ಇಷ್ಟನೇ ಅಕ್ಷರದಿಂದ ಇಷ್ಟನೇ ಅಕ್ಷರ ಎಂದು ನಾನು ಎಣಿಸಿ ಇಟ್ಟ ಗುರುತುಗಳೆಲ್ಲ ಪಕ್ಕಕ್ಕೆ ಸರಿದುಬಿಡುತ್ತಿದ್ದವು. ಕೆಮ್ಮಣ್ಣುಗುಂಡಿಯ ಬಗೆಗಿನ ಒಂದು ಲೇಖನದಲ್ಲಿ "ಅದಿರು" ಎಂಬ ಮಾತಿಗೆ ಕಟ್ಟಿದ ಕೊಂಡಿ, ಮರುವಾರ ನೋಡಿದರೆ "ಆದರೂ" ಎಂಬುದರ ಮೇಲೆ ಕೂತಿತ್ತು. ಇಲಾಖೆಯವರೆಲ್ಲ ಕೂತಿದ್ದ ಪ್ರದರ್ಶನದಲ್ಲೇ ಇದು ಆದದ್ದು. ನನ್ನ ಮಾರ್ಗದರ್ಶಕರು ನಗಲಿಲ್ಲ, ಬೈಯಲೂ ಇಲ್ಲ. "ಮುಂದಿನ ಸಲವೂ ಹೀಗೇ ಆದರೆ ವಿಷಯ ಬದಲಾಯಿಸೋಣ," ಎಂದರು. ನಾಲ್ಕು ವರ್ಷದ ಕೆಲಸ ಅದು. ಮುಂದಿನ ಪ್ರದರ್ಶನಕ್ಕೆ ಮೂರು ತಿಂಗಳು ಉಳಿದಿತ್ತು.

ಆ ರಜೆಯಲ್ಲಿ ಅಜ್ಜಂಪುರಕ್ಕೆ ಹೋಗಿದ್ದೆ. ಚಿಕ್ಕಮ್ಮ ತನ್ನ ಮನೆಯ ಹಿಂದಿನ ನಿವೇಶನವನ್ನು ಮಗಳಿಗೆ ದಾನಪತ್ರ ಮಾಡಿಕೊಡುವುದಿತ್ತು. ಓದಿದವನು, ಸಾಕ್ಷಿ ಹಾಕು ಬಾ ಎಂದು ನನ್ನನ್ನು ಜಗಲಿಗೆ ಎಳೆದುಕೊಂಡು ಹೋದಳು. ಚಕ್ಕುಬಂದಿ ಬರೆಯಲು ಶುರುವಾಗಿ ಅರ್ಧ ಗಂಟೆ ಆದರೂ ಪತ್ರದೋರು ದಕ್ಷಿಣ ದಾಟಿರಲಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ನಿವೇಶನಕ್ಕೆ ನಂಬರ್ ಇದೆಯಲ್ಲ. ಅಳತೆ ಇದೆ. ಅಷ್ಟು ಸಾಲದಾ? ಪಕ್ಕದವರನ್ನೆಲ್ಲ ಯಾಕೆ ಎಳೀತೀರಿ?" ಎಂದೆ.

ಅವರು ಸ್ಟೂಲಿನ ಮೇಲೆ ನನ್ನ ಕಡೆ ತಿರುಗಿದರು. ನಾನು ಯಾವ ದಿಕ್ಕಿನಲ್ಲಿ ಕೂತಿದ್ದೆನೋ.

"ಏನು ಓದ್ತಿದೀಯಪ್ಪ?"

"ಕಂಪ್ಯೂಟರು."

"ಅದಕ್ಕೇ ನಂಬರ್ ಮೇಲೆ ಪ್ರೀತಿ. ನಂಬರು ಸರ್ಕಾರದ್ದು ಕಣಯ್ಯ. ಪೋಡಿ ಮಾಡಿ ಜಮೀನು ಒಡೆದ್ರೆ ಒಂದು ನಂಬರು ಐದಾಯ್ತದೆ. ಅಳತೆ ಸರಪಳಿದು. ಹಿಡಿದೋನು ಸಡ್ಲ ಬಿಟ್ರೆ ಅರ್ಧ ಗುಂಟೆ ಹೋಯ್ತು. ಅಕ್ಕಪಕ್ಕದೋರು ಹಂಗಲ್ಲ. ಒಬ್ಬ ಮಾರ್ಕೊಂಡು ಊರು ಬಿಡಬೌದು. ಇನ್ನು ಮೂರು ಜನ ಇರ್ತಾರಲ್ಲ, ಅವ್ರನ್ನ ಹಿಡ್ಕೊಂಡು ಜಾಗ ಹುಡುಕ್ಬೋದು. ನಾಕೂ ಜನ ಒಂದೇ ದಿನ ಎದ್ದು ಹೋಗಲ್ಲ."

ಈ ಮಾತುಗಳು ಇದೇ ಕ್ರಮದಲ್ಲಿ ಬಂದವೆಂದು ನಾನು ಆಣೆ ಮಾಡಲಾರೆ. ಆದರೆ ಕೇಳಿದಾಗ ನನ್ನ ಕೈ ಚಿಕ್ಕಮ್ಮನ ಹಳೆಯ ಪತ್ರದ ಮೇಲಿತ್ತು, ಚಿಕ್ಕಮ್ಮ "ಲೇ, ಬೆವರಿನ ಕೈ ತೆಗಿ" ಎಂದಳು. ಅದು ಖಾತ್ರಿ.

"ಹಂಗಾದರೆ ನಾಲ್ಕು ಕಡೆ ಬರೆದರೆ ಯಾವತ್ತೂ ತಪ್ಪೋದೇ ಇಲ್ವಾ?" ಎಂದು ಕೇಳಿದೆ. ಈಗ ನಾನು ಚಿಕ್ಕಮ್ಮನ ಆಸ್ತಿಯ ಬಗ್ಗೆ ಕೇಳುತ್ತಿರಲಿಲ್ಲ.

ಪತ್ರದೋರು ಪೆನ್ನಿನ ಮುಚ್ಚಳ ಹಾಕಿದರು. ಒಳಗೆ ಕಾಫಿಗೆ ಕೂಗಿದರು. ಆಮೇಲೆ, ಬೇರೆ ಯಾರಾದರೂ ಮಾಡಿದ್ದರೆ ಆಡಿಕೊಂಡು ನಗುವಷ್ಟು ಸಂತೋಷದಿಂದ, ತಾವೇ ಮಾಡಿದ ಒಂದು ತಪ್ಪನ್ನು ಹೇಳಿದರು.

ವೃತ್ತಿಗೆ ಇಳಿದ ಹೊಸತು. ಶಿವನಿಯ ಕಡೆಯ ಒಬ್ಬ ರೈತ ತನ್ನ ಹನ್ನೆರಡು ಎಕರೆ ಹೊಲದ ನಡುವೆ ಒಂದು ಎಕರೆಯನ್ನು ಮಾರಿದ. ಪತ್ರ ಬರೆಯುವಾಗ ಇವರು ಕೇಳಿದರು, ಪೂರ್ವಕ್ಕೆ ಯಾರದು? "ನಂದೇ ಉಳಿಕೆ ಜಮೀನು." ಪಶ್ಚಿಮಕ್ಕೆ? "ನಂದೇ ಉಳಿಕೆ." ಉತ್ತರ, ದಕ್ಷಿಣ? "ನಂದೇ." ಹೇಳಿದ್ದೆಲ್ಲ ನಿಜ. ನಾಲ್ಕು ಕಡೆಯೂ ಮಾರಿದವನದೇ ಜಮೀನು ಎಂದು ಬರೆದು, ಓದಿ, ರುಜು ಹಾಕಿಸಿ ಕಳಿಸಿದರು. ಮೊದಲ ವರ್ಷ ಕೊಂಡವನು ಹಾಳುಬಾವಿಯ ಪಕ್ಕ ಉತ್ತ. ಎರಡನೇ ವರ್ಷ ಮಾರಿದವನು, "ಇಲ್ಲಿ ನಾನು ರಾಗಿ ಹಾಕ್ತೀನಿ, ನೀನು ಆ ಕಡೆ ಸರ್ಕೊ. ಎಲ್ಲಿದ್ರೂ ಸುತ್ತ ನಂದೇ ಇರಬೇಕು, ಪತ್ರದಲ್ಲಿ ಅಷ್ಟೇ ಇರೋದು," ಎಂದ. ಮೂರನೇ ವರ್ಷ ಇನ್ನಷ್ಟು ಸರಿಸಿದ.

"ನಾಕು ವರ್ಷಕ್ಕೆ ಆ ಹೊಲ ನಡ್ಕೊಂಡು ನಡ್ಕೊಂಡು ಕಲ್ಲುಗುಡ್ಡ ಹತ್ತಿಬಿಡ್ತು ಕಣಯ್ಯ. ಕೊಂಡೋನು ಬಂದು ನನ್ನ ಜಗಲಿ ಮುಂದೆ ನಿಂತ. ಬೈಲಿಲ್ಲ. 'ನನ್ನ ಹೊಲ ಈಗ ಎಲ್ಲೈತೆ ಸ್ವಾಮಿ' ಅಂತ ಕೇಳ್ದ."

ಇವರು ಮರುದಿನವೇ ಪ್ಯಾಸೆಂಜರ್ ಗಾಡಿ ಹತ್ತಿ ಶಿವನಿಗೆ ಹೋದರು. ಮಾರಿದವನ ಮನೆಯ ಕಟ್ಟೆ ಮೇಲೆ ಕೂತು ನೀರು, ಕಾಫಿ ಏನೂ ಮುಟ್ಟಲಿಲ್ಲವಂತೆ. "ನೀನು ಮಾಡಿದ್ದು ಮೋಸ ಅಂತ ನಾನು ಹೇಳಲ್ಲ. ನನ್ನ ಅಕ್ಷರಕ್ಕೆ ಕಾಲು ಬಂದವೆ. ಅದನ್ನ ಕೂರಿಸಿ ಹೋಗ್ತೀನಿ," ಎಂದರಂತೆ. ಮಧ್ಯಾಹ್ನ ಆಗುವಷ್ಟರಲ್ಲಿ ಆತನ ಹೆಂಡತಿಗೇ ನಾಚಿಕೆಯಾಗಿ ಗಂಡನನ್ನು ಹೊಲಕ್ಕೆ ಕಳಿಸಿದಳು. ಮಾರಿದವನು ಹೇಳಿದಲ್ಲಿಗೆ ಸರಿಯದ ಗುರುತುಗಳನ್ನು ಇವರು ಹುಡುಕಿ ಹುಡುಕಿ ಹಿಡಿದರು: ಪೂರ್ವಕ್ಕೆ ಹಾಳುಬಾವಿಯ ಕಲ್ಲುಕಟ್ಟೆ, ದಕ್ಷಿಣಕ್ಕೆ ರೈಲು ದಾರಿಗೆ ಹೋಗುವ ಗಾಡಿಜಾಡು, ಪಶ್ಚಿಮಕ್ಕೆ ಜೋಡಿ ಹುಣಸೆಮರ, ಉತ್ತರಕ್ಕೆ ಮಾತ್ರ ಉಳಿಕೆ ಜಮೀನು. ತಿದ್ದುಪಡಿ ಪತ್ರ ಆಯಿತು. ಹೊಲ ನಿಂತಿತು.

"ನಾಕು ಕಡೆಗೂ ತಾನೇ ಇದ್ರೆ ಅಂಥೋನ ಜಾಗ ಸಿಗಲ್ಲ," ಎಂದು ಕಾಫಿ ಲೋಟ ಇಟ್ಟರು. "ಬೇರೆಯೋರು ಬೇಕು."

ಆ ಹೊಲದ ಹಾಗೇ ನನ್ನ ಕೊಂಡಿಗಳೂ ನಡೆದುಹೋಗುತ್ತಿದ್ದದ್ದು ಯಾಕೆಂದು ನನಗೆ ಆ ಜಗಲಿಯ ಮೇಲೆ ಹೊಳೆಯಿತು. ನಾನು ಎಣಿಸುತ್ತಿದ್ದೆ. ಅಕ್ಷರದ ನಂಬರು ಹಿಡಿದು ಕೂತಿದ್ದೆ. ಅಕ್ಕಪಕ್ಕ ಯಾರಿದ್ದಾರೆಂದು ಕೇಳಿರಲೇ ಇಲ್ಲ.

ಅದೇ ದಿನವೋ ಮಾರನೇ ದಿನವೋ, ಅವರು ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ಪುಸ್ತಕ ತೋರಿಸಿದರು. ಎಲ್ಲೆ ಬುಕ್ಕು ಎಂದು ಅದಕ್ಕೆ ಅವರ ಹೆಸರು. ನೋಂದಾಯಿಸಿದ ಪತ್ರದ ಮೇಲೆ ಯಾರೂ ಒಂದು ಚುಕ್ಕೆ ಇಡುವಂತಿಲ್ಲ. ಆದರೆ ಒಂದು ಮನೆ ಕೈ ಬದಲಾದರೆ ಅದರ ಸುತ್ತಲಿನ ನಾಲ್ಕು ಮನೆಗಳ ಪತ್ರದಲ್ಲೂ ಪಕ್ಕದವರ ಹೆಸರು ಹಳೆಯದಾಯಿತಲ್ಲ. ಯಾವ ಪತ್ರ ಯಾವ ಪತ್ರಕ್ಕೆ ತಾಗಿದೆ, ಎಲ್ಲಿ ಬದಲಾಯಿತು ಎಂಬುದನ್ನೆಲ್ಲ ಅವರು ಈ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಪತ್ರಗಳು ತಮ್ಮ ತಮ್ಮ ಮನೆಯ ಟ್ರಂಕಿನಲ್ಲಿ. ಅವುಗಳ ನಡುವಿನ ಸಂಬಂಧ ಮಾತ್ರ ಇಲ್ಲಿ. "ಬೇರೆಯೋರ ಪತ್ರದ ಮೇಲೆ ಗೀಚಬಾರ್ದು. ಹೇಳೋದಿದ್ರೆ ನಮ್ಮ ಪುಸ್ತಕದಲ್ಲಿ ಬರ್ಕೋಬೇಕು," ಎಂದರು. ನಾನು ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಒದ್ದಾಡಿ ಹೇಳುತ್ತಿದ್ದದ್ದು ಇಷ್ಟನ್ನೇ.

ಆ ಪುಸ್ತಕ ಒಂದೇ ಅಲ್ಲ. ಅಜ್ಜಂಪುರದ ಹಳೆಯ ಕಾಗದಗಳು ತರೀಕೆರೆಯಲ್ಲಿರುತ್ತಿದ್ದವು, ಗಡಿಯ ಹಳ್ಳಿಗಳವು ಕಡೂರಿನಲ್ಲಿ. ಹಾಗಾಗಿ ಆ ಎರಡು ಊರಿನ ಇಬ್ಬರು ಬರಹಗಾರರೂ ಇಂಥದೇ ಪುಸ್ತಕ ಇಟ್ಟಿದ್ದರು. ಒಬ್ಬರು ಬರೆದದ್ದನ್ನು ಮಿಕ್ಕ ಇಬ್ಬರಿಗೆ ಅಂಚೆ ಕಾರ್ಡಿನಲ್ಲಿ ತಿಳಿಸುವುದು. ಪ್ರತಿ ಕಾರ್ಡಿಗೂ ನಂಬರು; ಕೊನೆಯಲ್ಲಿ "ನಿಮ್ಮ ಹದಿನಾಲ್ಕು ಮುಟ್ಟಿತು" ಎಂದು ಒಂದು ಸಾಲು. ಹದಿನೈದು ಬಿಟ್ಟು ಹದಿನಾರು ಬಂದರೆ, ಹದಿನೈದು ಎಲ್ಲೋ ಬಿದ್ದುಹೋಯಿತು, ಮತ್ತೆ ಕಳಿಸಿ ಎಂದು ಇಲ್ಲಿಂದ ಕಾರ್ಡು ಹೋಗುತ್ತಿತ್ತು. "ಮೂರರಲ್ಲಿ ಅಸಲು ಯಾವುದು?" ಎಂದು ಕೇಳಿದೆ.

"ಅಸಲು ಅಂತ ಯಾವ್ದೂ ಇಲ್ಲ. ತರೀಕೆರೆಯೋನ ಪುಸ್ತಕ ಒಂದ್ಸಲ ಗೆದ್ಲು ತಿಂತು. ನಾವಿಬ್ರೂ ಹೇಳಿ ಬರೆಸಿದ್ವಿ. ಈಗ ಅವನದೇ ಅಕ್ಷರ ದುಂಡಗವೆ, ಗೆದ್ಲಿಗೆ ಪುಣ್ಯ ಬರ್ಲಿ."

ನಾನು ಪ್ರಯೋಗಾಲಯಕ್ಕೆ ಮರಳಿ, ಅಕ್ಷರ ಎಣಿಸುವುದನ್ನು ಬಿಟ್ಟೆ. ಪ್ರತಿ ಕೊಂಡಿಗೂ ನಾಲ್ಕು ಎಲ್ಲೆ ಕೊಟ್ಟೆ: ಆ ಮಾತಿನ ಹಿಂದಿನ ಮಾತು, ಮುಂದಿನ ಮಾತು, ಮೇಲಿನ ತಲೆಬರಹ, ಕೆಳಗಿನ ಪ್ಯಾರಾದ ಮೊದಲ ಸಾಲು. ನಾಲ್ಕರಲ್ಲಿ ಮೂರು ಸಿಕ್ಕರೆ ಜಾಗ ಸಿಕ್ಕಿತು. ನಾಲ್ಕೂ ಕಡೆ ಒಂದೇ ಮಾತು ತಿರುತಿರುಗಿ ಬರುವಂಥ ಜಾಗವಾದರೆ, ಇಲ್ಲಿ ಕೊಂಡಿ ನಿಲ್ಲುವುದಿಲ್ಲ ಎಂದು ಯಂತ್ರ ಮೊದಲೇ ಹೇಳಬೇಕು. ಕೊಂಡಿಗಳ ಪುಸ್ತಕವನ್ನು ಮೂರು ಯಂತ್ರಗಳಲ್ಲಿಟ್ಟು, ಒಂದಕ್ಕೊಂದು ನಂಬರು ಹಾಕಿದ ಸಂದೇಶ ಕಳಿಸುವಂತೆ ಮಾಡಿದೆ. ಪ್ರದರ್ಶನದ ದಿನ ಮಾರ್ಗದರ್ಶಕರು ತಾವೇ ಕೂತು ಲೇಖನದಲ್ಲಿ ಎರಡು ಪ್ಯಾರಾ ಸೇರಿಸಿ, ಒಂದು ಅಳಿಸಿ, ಆಮೇಲೆ ಒಂದು ಯಂತ್ರದ ತಂತಿ ಕಿತ್ತರು. ಕೊಂಡಿ "ಅದಿರು" ಬಿಟ್ಟು ಕದಲಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, "ಇದು ಎಲ್ಲಿಂದ ಬಂತು?" ಎಂದು ಕೇಳಿದರು.

ಇಲ್ಲಿ ನನ್ನ ನೆನಪು ಬಹಳ ಸ್ಪಷ್ಟವಾಗಿದೆ. ಸ್ಪಷ್ಟವಾಗಿಲ್ಲದಿದ್ದರೆ ಚೆನ್ನಾಗಿತ್ತು. "ಯೋಚಿಸ್ತಾ ಹೊಳೀತು ಸರ್," ಎಂದೆ. ಪ್ರಬಂಧದ ಕೊನೆಯಲ್ಲಿ ನೂರಕ್ಕೂ ಹೆಚ್ಚು ಲೇಖನಗಳ ಪಟ್ಟಿ ಕೊಟ್ಟೆ. ಜಗಲಿಯ ಮೇಲಿನ ಮಾತಿಗೆ ಪುಟಸಂಖ್ಯೆ ಇಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಪದವಿ ಬಂದು ತರೀಕೆರೆಯ ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲೆ, ಕಪ್ಪು ರಟ್ಟಿನ ಒಂದು ಪ್ರತಿ ಹಿಡಿದು ಅಜ್ಜಂಪುರಕ್ಕೆ ಹೋದೆ. ಪತ್ರದೋರಿಗೆ ಇಂಗ್ಲಿಷ್ ಬಾರದು. ಅವರು ಪುಸ್ತಕವನ್ನು ತಿರುಗಿಸಿ ಸೀದಾ ಕೊನೆಯ ಹಾಳೆ ತೆಗೆದರು.

"ಬಿಕ್ಕಲಂ ಎಲ್ಲಯ್ಯಾ?"

ಪ್ರತಿ ಪತ್ರದ ಕೊನೆಯಲ್ಲೂ ಸಾಕ್ಷಿಗಳ ರುಜುವಿನ ಕೆಳಗೆ "ಬಿಕ್ಕಲಂ" ಎಂದು ಬರೆದು ಬರಹಗಾರ ರುಜು ಹಾಕುತ್ತಾನೆ. ಮಾತು ಪಾರ್ಟಿಯದು, ಬರೆದ ಕೈ ಮಾತ್ರ ನನ್ನದು ಎಂದು ಅದರ ಅರ್ಥ.

"ಇದರಲ್ಲಿ ಅದೆಲ್ಲ ಇರಲ್ಲ. ನಂದೇ ಪುಸ್ತಕ, ನಾನೇ ಬರೆದಿದ್ದು," ಎಂದೆ.

"ಪಾರ್ಟಿನೂ ನೀನೇ, ಬಿಕ್ಕಲಂನೂ ನೀನೇ." ಅವರು ನಕ್ಕರು. "ನಾಕು ಕಡೆಗೂ ನೀನೇ ಆದ್ಯಲ್ಲಯ್ಯ."

ನಾನೂ ನಕ್ಕೆ. "ನಿಮ್ಮ ಚಕ್ಕುಬಂದಿನೂ ಇದರಲ್ಲಿದೆ," ಎಂದು, ನಡುವಿನ ಒಂದು ಪುಟ ತೆಗೆದು, ಚೌಕವೊಂದಕ್ಕೆ ನಾಲ್ಕು ಕಡೆಯಿಂದ ಬಾಣ ಬರುವ ಚಿತ್ರ ತೋರಿಸಿದೆ. ಅವರು ಕಿವಿಯ ಪೆನ್ಸಿಲು ಕೈಗೆ ತೆಗೆದುಕೊಂಡು, ಅದನ್ನು ಕಾಗದಕ್ಕೆ ತಾಗಿಸದೆ, ಬಾಣಗಳ ಮೇಲೆ ಗಾಳಿಯಲ್ಲೇ ಆಡಿಸಿದರು. "ದಿಕ್ಕು ಸರಿ ಅವೆ," ಎಂದರು. ಪುಸ್ತಕ ಇಟ್ಟುಕೊಂಡರು. ಬೇರೇನೂ ಹೇಳಿದ ನೆನಪಿಲ್ಲ.

ಆಮೇಲಿನ ವರ್ಷಗಳಲ್ಲಿ ಅಜ್ಜಂಪುರಕ್ಕೆ ಹೋದಾಗಲೆಲ್ಲ ಜಗಲಿಯಲ್ಲಿ ಕೂತು ಬರುತ್ತಿದ್ದೆ. ಪತ್ರ ಬರೆಯುವ ಕೆಲಸ ಕಂಪ್ಯೂಟರಿಗೆ ಹೋಯಿತು. ಅವರಿಗೆ ಅದರ ಮೇಲೆ ಕೋಪವಿರಲಿಲ್ಲ, ಟೈಪು ಮಾಡುವ ಹುಡುಗಿಯ ಹಿಂದೆ ನಿಂತು "ಉತ್ತರಕ್ಕೆ ಯಾರು ಕೇಳ್ದೇನವ್ವ?" ಎಂದು ತಿದ್ದಿಸುತ್ತಿದ್ದರು. ಮೂರು ಊರಿನ ಮೂವರು ಮುದುಕರು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡರು. ಅದರಲ್ಲೂ ನಂಬರು. ಕಡೂರಿನವರು ಒಮ್ಮೆ ಗುಲಾಬಿ ಹೂವಿನ ಶುಭೋದಯ ಕಳಿಸಿದರೆ ಇವರು ಉತ್ತರ ಹಾಕಿದ್ದರು: "ಇದಕ್ಕೆ ನಂಬರ್ ಇಲ್ಲ. ಮುಟ್ಟಿಲ್ಲ."

ಆ ಮೂವರಲ್ಲಿ ತರೀಕೆರೆಯವರು ಬಸ್ ಸ್ಟ್ಯಾಂಡಿನ ಹತ್ತಿರ ಕೂರುತ್ತಾರೆ. ಕಾಲೇಜಿಗೆ ಹೋಗುವ ದಾರಿಯಲ್ಲಿ ನನ್ನನ್ನು ಕಂಡರೆ ಅವರದು ಒಂದೇ ಮಾತು. "ಏನ್ರೀ, ಚಕ್ಕುಬಂದಿ ಮೇಷ್ಟ್ರೇ, ಚೆನ್ನಾಗಿದೀರಾ?" ಚಿಕ್ಕಮ್ಮನ ದಾನಪತ್ರದ ದಿನ ನಾನು ಜಗಳ ತೆಗೆದದ್ದು ಇವರ ಕಿವಿಗೂ ಬಿದ್ದಿದೆ, ಅದಕ್ಕೇ ಕಾಲೆಳೆಯುತ್ತಾರೆ ಎಂದುಕೊಂಡು ನಾನು ಕೈ ಬೀಸಿ ಮುಂದೆ ಹೋಗುತ್ತಿದ್ದೆ.

ಹೋದ ವರ್ಷ ಪತ್ರದೋರು ಹೋದರು. ಬೆಳಗಿನ ಪೂಜೆ ಮುಗಿಸಿ, ಜಗಲಿಗೆ ಬಂದು, ಗೋಡೆಗೆ ಒರಗಿ ಕೂತವರು ಹಾಗೇ. ಎಂಬತ್ತು ದಾಟಿತ್ತು, ನರಳಲಿಲ್ಲ. ಅವತ್ತು ಮಾತ್ರ ಸ್ಟೂಲು ಬಿಟ್ಟು ಗೋಡೆಗೆ ಒರಗಿದ್ದರು ಎಂದು ಆಮೇಲೆ ಜನ ಹೇಳಿದರು.

ಮುನ್ನುಡಿ ಬರೆಯಲಾಗದೆ ಕೂತ ವಾರದ ಕೊನೆಗೆ, ಕರಡಿನ ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಅಮ್ಮ ಎಂದೇ ಕರೆಯುತ್ತೇನೆ. ಸುತ್ತು ಬಳಸದೆ ಕೇಳಿದೆ. "ಅಮ್ಮ, ಅವರ ಹೆಬ್ಬೆರಳು ನೀಲಿ ಇತ್ತಲ್ವಾ?"

"ಇಷ್ಟು ಕೇಳಕ್ಕೆ ತರೀಕೆರೆಯಿಂದ ಬಂದ್ಯಾ? ನೀಲಿ ಎಲ್ಲಿ ಬಂತೋ, ಕಪ್ಪು. ಅನ್ನ ಬಡಿಸ್ತಿದ್ದೋಳು ನಾನು."

ಶುರುವೇ ಹೀಗಾಯಿತು. ಬೇರೆಯವರ ಪತ್ರದ ಮೇಲೆ ಗೀಚಬಾರದು ಎಂದು ಅವರು ಹೇಳುತ್ತಿದ್ದರಲ್ಲ ಎಂದೆ. ಅಮ್ಮ ಕೈಯಲ್ಲಿದ್ದ ಅವರೆಕಾಯಿ ಬಿಟ್ಟು ನನ್ನನ್ನು ನೋಡಿದರು.

"ಅದು ಅವ್ರ ಮಾತಲ್ಲ ಕಣೋ, ನಂದು. ಮದುವೆ ಆದ ಹೊಸದ್ರಲ್ಲಿ ನಮ್ಮಪ್ಪನ ಮನೆ ಪತ್ರದ ಮೇಲೆ ಪೆನ್ಸಿಲ್‌ನಲ್ಲಿ ಏನೋ ಗುರುತು ಹಾಕಿದ್ರು. ನಾನು ಮೂರು ದಿನ ಮಾತಾಡ್ಲಿಲ್ಲ. 'ಬೇರೆಯೋರ ಪತ್ರದ ಮೇಲೆ ಗೀಚಬ್ಯಾಡಿ, ನಿಮ್ಮದೇ ಒಂದು ಪುಸ್ತಕ ತಗೊಂಡು ಅದರಲ್ಲಿ ಬರ್ಕೊಳಿ' ಅಂತ ಹೇಳ್ದೆ. ಆಮೇಲೇನೆ ಎಲ್ಲೆ ಬುಕ್ಕು ಬಂದಿದ್ದು. ಊರಿಗೆಲ್ಲ ತಮ್ಮ ಮಾತು ಅಂತ ಹೇಳ್ಕೊಂಡು ತಿರುಗಿದ್ರೇನು?"

ನಗು ಬಂತು, ಭಯವೂ ಆಯಿತು. ಎರಡು ಕೇಳಿದರೆ ಎರಡೂ ತಪ್ಪು. ಉಳಿದದ್ದೂ ಹೀಗೇ ಇದ್ದರೆ? ಹೊಲ ನಡೆದ ಕಥೆ, ನಾಲ್ಕು ಕಡೆಯ ಮಾತು, ಎಲ್ಲ ನಾನೇ ಕಟ್ಟಿದ್ದಾಗಿದ್ದರೆ? ಅಮ್ಮನಿಗೆ ನನ್ನ ಮುಖ ನೋಡಿ ಏನನ್ನಿಸಿತೋ, ಒಳಗೆ ಹೋಗಿ ಕೆಂಪು ಬಟ್ಟೆಯ ಗಂಟು ತಂದು ಮುಂದಿಟ್ಟರು. "ನಂಗೆ ಇದೆಲ್ಲ ತಿಳಿಯಲ್ಲ. ನಿನ್ನ ಕಪ್ಪು ಪುಸ್ತಕಾನೂ ಇದರ ಜೊತೆನೇ ಕಟ್ಟಿಟ್ಟವ್ರೆ. ನೋಡ್ಕೊ."

ನಾನು ಎಲ್ಲೆ ಬುಕ್ಕನ್ನು ಹಿಂದಿನಿಂದ ತಿರುವಿದೆ. ಶಿವನಿಯ ತಿದ್ದುಪಡಿ ಪತ್ರದ ನಮೂದು ಹುಡುಕುವುದು ನನ್ನ ಉದ್ದೇಶ. ಅದು ಸಿಗುವ ಮೊದಲೇ, ಬರಹಗಳು ವಿರಳವಾಗುವ ಕೊನೆಯ ಭಾಗದಲ್ಲಿ, ಒಂದು ಪುಟ ಕಂಡಿತು. ಅವರ ಉದ್ದುದ್ದ ಅಕ್ಷರ. ಹಾಗೇ ಬರೆದುಕೊಂಡು ಬಂದಿದ್ದೇನೆ:

"ತರೀಕೆರೆ ಕಾಲೇಜು ಮೇಷ್ಟ್ರ ಇಂಗ್ಲಿಷ್ ಪುಸ್ತಕ, ಕಪ್ಪು ರಟ್ಟು. ಅದರಲ್ಲಿ ಒಂದು ಜಾಗಕ್ಕೆ ಚಕ್ಕುಬಂದಿ. ಮೇಲಕ್ಕೆ: ಚೌಕದ ಚಿತ್ರ, ನಾಲ್ಕು ಬಾಣ ಒಳಮುಖ. ಕೆಳಕ್ಕೆ: ಒಂದು ಎರಡು ಮೂರು ಎಂದು ಅಂಕಿ ಹಾಕಿದ ಮೂರು ಸಾಲು. ಬಲಕ್ಕೆ: ಎದುರು ಪುಟದಲ್ಲಿ ಮೂರು ಪೆಟ್ಟಿಗೆಗೆ ತಂತಿ ಕಟ್ಟಿದ ಚಿತ್ರ. ಎಡಕ್ಕೆ: ಕಾಫಿ ಕಲೆ. ಈ ಮಧ್ಯೆ ಇರುವ ಮಾತು ನಮ್ಮ ಜಗಲಿಯದು. ನೋಡಿ: ಶಿವನಿ ಹೊಲದ ತಿದ್ದುಪಡಿ ಪತ್ರ. ಸದರಿ ಪುಸ್ತಕದ ಮೇಲೆ ಏನನ್ನೂ ಬರೆದಿಲ್ಲ. ಕಡೂರಿಗೂ ತರೀಕೆರೆಗೂ ಕಾರ್ಡು ಹೋಗಿ, ಮುಟ್ಟಿದ್ದಕ್ಕೆ ಉತ್ತರ ಬಂದಿದೆ."

ಕೆಳಗೆ ರುಜು. ಪಕ್ಕದಲ್ಲಿ, ಯಾಕೋ, ಹೆಬ್ಬೆಟ್ಟು ಒತ್ತಿದ್ದರು.

ಕಪ್ಪು ರಟ್ಟಿನ ಪುಸ್ತಕ ತೆಗೆದು ಆ ಪುಟಕ್ಕೆ ಹೋದೆ. ಎಡ ಅಂಚಿನಲ್ಲಿ ಲೋಟದ ತಳದಷ್ಟು ಅಗಲದ ಅರ್ಧ ವೃತ್ತ, ಮಾಸಿದ ಕಂದು. "ಚೆಲ್ಲಿದ್ದು ನೀನೇ," ಎಂದರು ಅಮ್ಮ. "ಮಾತಾಡೋವಾಗ ಕೈ ಸುಮ್ನಿರಲ್ಲ ನಿಂಗೆ." ನನಗೆ ಅದು ಒಂದಿಷ್ಟೂ ನೆನಪಿಲ್ಲ.

ಚೀಲದಿಂದ ಕನ್ನಡದ ಕರಡು ತೆಗೆದು ಜಗಲಿಯ ಮೇಲೆ ಹರಡಿದೆ. ಭಾಷೆ ಬದಲಾಗಿದೆ, ಅಧ್ಯಾಯ ಹಿಂದುಮುಂದಾಗಿದೆ, ಪುಟದ ನಂಬರುಗಳಿಗಂತೂ ಹಳೆಯದರ ಜೊತೆ ಯಾವ ಸಂಬಂಧವೂ ಇಲ್ಲ. ಇಂಗ್ಲಿಷ್ ಬಾರದ ಮನುಷ್ಯರು ಬರೆದ ನಾಲ್ಕು ಎಲ್ಲೆ ಹಿಡಿದು ಹುಡುಕುತ್ತಾ ಹೋದೆ. ಮೇಲೆ ಚೌಕದ ಚಿತ್ರ, ಇತ್ತು. ಕೆಳಗೆ ಅಂಕಿ ಹಾಕಿದ ಮೂರು ಸಾಲು, ಇತ್ತು. ಎದುರು ಪುಟದಲ್ಲಿ ಮೂರು ಪೆಟ್ಟಿಗೆ, ತಂತಿ. ಎಡಕ್ಕೆ ಕಾಫಿ ಕಲೆ ಇರಲಿಲ್ಲ. ಆ ಒಬ್ಬರು ಊರು ಬಿಟ್ಟಿದ್ದರು. ಮೂರು ಸಾಕು. ನಡುವೆ ಇದ್ದದ್ದು ಅದೇ ಪ್ಯಾರಾ, ಹದಿನೈದು ವರ್ಷ ನನ್ನದು ಎಂದು ಹೇಳಿಕೊಂಡಿದ್ದದ್ದು.

ನಾನು ಹಾಕದೆ ಬಿಟ್ಟ ಕೊಂಡಿಯನ್ನು ಅವರೇ ಕಟ್ಟಿದ್ದರು. ನನ್ನ ಪುಸ್ತಕವನ್ನು ಮುಟ್ಟದೆ, ನನಗೆ ಒಂದು ಮಾತು ಹೇಳದೆ, ತಮ್ಮ ಪುಸ್ತಕದಲ್ಲಿ. ಮೂರು ಊರುಗಳಲ್ಲಿ ಅದು ದಾಖಲಾಗಿತ್ತು. ಬಸ್ ಸ್ಟ್ಯಾಂಡಿನ ಆ ಮುದುಕರು ದಿನವೂ ಕೂಗಿ ಹೇಳುತ್ತಿದ್ದದ್ದು ಅದನ್ನೇ. ನಾನು ಕೈ ಬೀಸಿ ಹೋಗುತ್ತಿದ್ದೆ.

ಹೆಬ್ಬೆಟ್ಟಿನ ಗುರುತನ್ನು ಬೆಳಕಿಗೆ ಹಿಡಿದು ನೋಡಿದೆ. ನೀಲಿಯಲ್ಲ. ಕಪ್ಪೂ ಅಲ್ಲ. ಮಾಸಿದ ನೇರಳೆ.

"ಹೌದಲ್ಲೋ," ಎಂದರು ಅಮ್ಮ ಬಗ್ಗಿ ನೋಡಿ. "ಹೋಗ್ಲಿ, ಇಬ್ರೂ ಬೆರಳು ನೋಡಿದ್ದು ದಿಟ ತಾನೆ," ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಮುನ್ನುಡಿಯನ್ನು ಅಲ್ಲೇ, ಬೆನ್ನಿಲ್ಲದ ಆ ಸ್ಟೂಲಿನ ಮೇಲೆ ಕೂತು ಬರೆದೆ. ನಾಲ್ಕೇ ಸಾಲು ಆಯಿತು. ಈ ಪುಸ್ತಕದ ಮುಖ್ಯ ಮಾತು ಅಜ್ಜಂಪುರದ ಒಂದು ಜಗಲಿಯದು, ಅರ್ಧ ಆ ಮನೆಯ ಒಳಗಿನದು ಎಂದು. ಅಮ್ಮನಿಗೆ ಓದಿ ಹೇಳಿದೆ. "ಅರ್ಧ ಅಂತ ಹಾಕಿದ್ಯಲ್ಲ, ಸಾಕು," ಎಂದರು. ಕೊನೆಯಲ್ಲಿ ಲೇಖಕ ಎಂದು ಬರೆಯಲು ಹೋದವನು ನಿಲ್ಲಿಸಿ, ಬಿಕ್ಕಲಂ ಎಂದು ಬರೆದು, ನನ್ನ ರುಜು ಹಾಕಿದೆ.